ನಿಂಗಕ್ಕ ಕಡಿದ ಮುರುಗಲು

ಕಡ್ಡಿರಾಂಪುರದ ನಿಂಗಕ್ಕ ಮುರುಗಲು ಗಿಡ ಕಡಿದ ದಿನ ಅವಳಿಗೆ ಕೊಡಲಿ ಕೊಟ್ಟವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಕೆಣಕಬಾರದು.

ನಿಂಗಕ್ಕನಿಗೆ ಅರವತ್ತರ ಹತ್ತಿರ ವಯಸ್ಸು. ಚಿಕ್ಕಂದಿನಿಂದಲೂ ಬಾಳೆಗೊನೆ ಕಡಿದು, ಹೊತ್ತು, ಲಾರಿಗೆ ತುಂಬಿದವಳು. ಅವಳ ಸೀರೆಗಳ ಮೇಲಿನ ಬಾಳೆಕಲೆ ಯಾವ ಸೋಪಿಗೂ ಬಗ್ಗಿಲ್ಲ. ನಮ್ಮ ಬಾಳೆಹಣ್ಣು ಕಾರವಾರಕ್ಕೂ ಗೋವಾಕ್ಕೂ ಹೋಗುತ್ತದೆ. ಅವಳ ತಮ್ಮ ಪಾಲಪ್ಪ ಆ ಲಾರಿಯ ಡ್ರೈವರ್, ಬರುವಾಗ ಆ ಕಡೆಯದು ಏನಾದರೂ ತರುತ್ತಾನೆ. ಒಂದು ಸಲ ಎರಡು ಸಸಿ ತಂದ. ಕಾರವಾರದವರು ಮುರುಗಲು ಅನ್ನುತ್ತಾರೆ, ಗಡಿ ದಾಟಿದರೆ ಕೋಕಂ. ಗಿಡ ಒಂದೇ, ಹುಳಿಯೂ ಒಂದೇ. ಎರಡೂ ಕಡೆ ಅದರ ಶರಬತ್ತಿಲ್ಲದೆ ಬೇಸಿಗೆ ಕಳೆಯುವುದಿಲ್ಲವಂತೆ. ನಿಂಗಕ್ಕ ಒಂದನ್ನು ತನ್ನ ಹಿತ್ತಲಲ್ಲಿ ನೆಟ್ಟಳು, ಇನ್ನೊಂದನ್ನು ಗೋಡೆಯಾಚೆಯ ಗಂಗಾಂಬಿಕಾಗೆ ಕೊಟ್ಟಳು.

ಏಳು ವರ್ಷ ಬಾಳೆಯ ನೆರಳಲ್ಲಿ ಸಾಕಿದ ಮೇಲೆ ಗಂಗಾಂಬಿಕಾಳ ಗಿಡ ಕೆಂಪು ಹಣ್ಣು ಬಿಟ್ಟಿತು. ಹಂಪಿಗೆ ಹೋಗುವವರು ನಿಂತು ಶರಬತ್ತು ಕುಡಿಯತೊಡಗಿದರು. ಅವಳ ಮನೆ ನಡೆಯುವುದೇ ಅದರ ಮೇಲೆ ಎನ್ನುವಂತಾಯಿತು. ನಿಂಗಕ್ಕನ ಗಿಡದಲ್ಲಿ ಬರೀ ಹೂ. ಮೂರು ಬೇಸಿಗೆ ಬರೀ ಹೂ!

"ನಾ ಕೊಟ್ಟಿದ್ದು ಅಲ್ಲಿ ಹಣ್ಣು ಬಿಡ್ತೈತಿ, ನನ್ ಹಿತ್ಲಾಗ ಬರೇ ಕಸ. ನಿನ್ ಕೊಡ್ಲಿ ಕೊಡವ್ವಾ ಭುವನೇಶ್ವರಿ," ಎಂದು ಉರಿದುಕೊಂಡು ಬಂದಳು. ಗಂಗಾಂಬಿಕಾ ಆಗ ಸಂಡೂರಿನ ತವರಿಗೆ ಹೋಗಿದ್ದಳು. ನಾನೂ "ಕಡಿ ಅತ್ಲಾಗ" ಎಂದೆ. ಎಂಥಾ ತಲೆ ನನ್ನದು!

ಮರಳಿ ಬಂದ ಗಂಗಾಂಬಿಕಾ ಬೊಡ್ಡೆ ನೋಡಿ ಬಿಳಿಚಿಕೊಂಡಳು. "ಯಾಕ ಕಡದ್ರಿ ಅಕ್ಕಾ?" ಅಂದಳು, ಅಷ್ಟೇ. ಪಕ್ಕದ ಮನೆ ಗಿಡದ ಮೇಲೆ ಇಷ್ಟು ಮಮತೆಯಾ ಎಂದು ನಾನು ನಕ್ಕೆ.

ಈ ಬೇಸಿಗೆ ಅವಳ ಗಿಡದಲ್ಲೂ ಬರೀ ಹೂ. ಒಂದೇ ಒಂದು ಕಾಯಿ ಕಚ್ಚಲಿಲ್ಲ. ಬಾಳೆ ಖರೀದಿಗೆ ಬಂದ ಕಾರವಾರದ ಸಾವುಕಾರರನ್ನು ನಿಂಗಕ್ಕನೇ ಬಿಡದೆ ಗಂಗಾಂಬಿಕಾಳ ಹಿತ್ತಲಿಗೆ ಕರೆತಂದಳು. "ನೋಡ್ರಿ, ಇದಕ್ಕೇನ್ ರೋಗ ಬಂದೈತಿ? ಪಾಪ, ಆಕಿ ಹೊಟ್ಟಿಪಾಡು."

ಅವರು ಗೋಡೆಯಾಚೆ ಇಣುಕಿದರು. "ಗಂಡು ಗಿಡ ಎಲ್ಲಿ? ಇಲ್ಲೇ ಇತ್ತಲ್ಲ? ಮುರುಗಲಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಮಾರಾಯ್ರೆ. ಗಂಡು ಹಣ್ಣು ಬಿಡೋದಿಲ್ಲ. ಆದರೆ ಅದು ಇಲ್ಲದಿದ್ದರೆ ಇದಕ್ಕೂ ಕಾಯಿಲ್ಲ."

ನಿಂಗಕ್ಕ ನಿಂತಲ್ಲೇ ಕುಸಿದಳು. "ಅಯ್ಯೋ ಶಿವನೇ! ಆಕಿ ಅನ್ನಕ್ಕ ನಾನ ಕೊಡ್ಲಿ ಹಾಕಿದ್ನಾ?" ಎಂದು ಎದೆ ಬಡಿದುಕೊಂಡಳು.

ಸಾವುಕಾರರು ಗಂಗಾಂಬಿಕಾಳ ಕಡೆ ತಿರುಗಿದರು. "ಎರಡು ವರ್ಷದ ಹಿಂದೆ ಶರಬತ್ತು ಕುಡಿಯುವಾಗಲೇ ನಿಮಗೆ ಹೇಳಿದ್ದೆನಲ್ಲ, ಆ ಗಂಡು ಗಿಡವನ್ನ ಯಾರೂ ಕಡಿಯದ ಹಾಗೆ ನೋಡಿಕೊಳ್ಳಿ ಅಂತ?"

ಗೊತ್ತಿತ್ತೇ ಇವಳಿಗೆ?

ಗಂಗಾಂಬಿಕಾ ತಲೆ ಎತ್ತಲಿಲ್ಲ. "ಹೇಳಿದ್ರ ಹಣ್ಣಿನಾಗ ಪಾಲು ಕೇಳ್ತೀರಿ ಅಂತ ಅಂಜಿದ್ನಿ, ಅಕ್ಕಾ."

ನನಗೆ ಮೈಯೆಲ್ಲ ಉರಿಯಿತು. "ಏನವಾ ನೀನು! ನಿಂಗಕ್ಕ ಅಂಥಾಕಿ ಏನು?" ಎಂದು ಅವಳ ಮೇಲೆ ಏರಿ ಹೋದೆ.

ನಿಂಗಕ್ಕ ನನ್ನ ಸೆರಗು ಹಿಡಿದು ಜಗ್ಗಿದಳು.

"ಸುಮ್ಕಿರು. ಹೊಟ್ಟಿಕಿಚ್ಚಿಗೆ ಗಿಡಾನ ಕಡದಾಕಿ ನಾನು. ಪಾಲು ಕೇಳ್ತಿರ್ಲಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?"