ಕಪ್ಪು ಪರದೆಯ ಹಿಂದಿನ ಕ್ಯಾರಿಯರ್

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ಅವರೆಬೇಳೆ ಸಾರಿಗೆ ಒಗ್ಗರಣೆ ಕೊಟ್ಟೆ. ಯಜಮಾನರ ಡಬ್ಬಿಯ ಮುಚ್ಚಳ ಸಿಗದೆ ಅಟ್ಟದಿಂದ ಹಳೆಯ ಕ್ಯಾರಿಯರ್ ಇಳಿಸಿ, ತೊಳೆದು, ಸಾರು ಸುರಿದೆ. ಸ್ಟೀಲು ಕಾದು ಅಂಗೈ ಚುರ್ ಎಂದಿತು. ಅಲ್ಲೇ ನಿಂತುಬಿಟ್ಟೆ...

ಹಿಂದೆ ಹಾಸನದ ನಮ್ಮ ಇದೇ ಮನೆಯ ಮಹಡಿಯಲ್ಲಿ ಒಬ್ಬ ಮೇಡಂ ಬಾಡಿಗೆಗಿದ್ದರು. ಅರಕಲಗೂಡಿನ ಕಡೆಯವರು, ಕಾಲೇಜಿನ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಉಗುರಿನಷ್ಟಗಲದ ಅರೆವಾಹಕದ ಚೂರನ್ನು ಕಾಯಿಸಿದರೆ ಕಣ್ಣಿಗೆ ಕಾಣದ ಶಾಖದ ಕಿರಣ ಹೊಮ್ಮುತ್ತದಂತೆ. ಸೆಕೆಂಡಿಗೆ ಲಕ್ಷ ಕೋಟಿ ಸಲ ಕಂಪಿಸುವ ಅದನ್ನು ಅಳೆಯುವುದು ಅವರ ಕೆಲಸ. "ಬಿಸಿ ಇರೋದೆಲ್ಲಾ ಹೊಳೀತದೆ ಅಕ್ಕ, ನೀವೂ," ಎಂದು ನಕ್ಕಿದ್ದರು. ಅದಕ್ಕೇ ಊಟವನ್ನು ಅಳೆಯುವ ಯಂತ್ರದ ಹತ್ತಿರ ತರದೆ ಹೊರಗಿನ ಬೆಂಚಿನ ಮೇಲೇ ಇಡಬೇಕೆಂದಿದ್ದರು.

ಮಧ್ಯಾಹ್ನದ ಊಟವನ್ನು ಲ್ಯಾಬಿಗೆ ನಾನೇ ಒಯ್ಯುತ್ತಿದ್ದೆ. ಆದರೆ ನಾಲ್ಕು ಜನ ಓಡಾಡುವಲ್ಲಿ ಅನ್ನ ಇಟ್ಟರೆ ಕಣ್ಣು ಬೀಳುತ್ತದೆಂದು ನಮ್ಮತ್ತೆ ಕಲಿಸಿದ್ದು ಕಾನ್ವೆಂಟಿನ ಪಾಠಕ್ಕಿಂತ ಗಟ್ಟಿಯಾಗಿತ್ತು. ಅವರು ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದಿರುವಾಗ ಕ್ಯಾರಿಯರನ್ನು ಯಂತ್ರದ ಬಳಿಯ ಕಪ್ಪು ಪರದೆಯ ಹಿಂದೆ ಇಡುತ್ತಿದ್ದೆ. ಕುರ್ಚಿ ಸರಿದ ಸದ್ದಾದರೆ ಬೆಂಚಿಗೆ ತರುತ್ತಿದ್ದೆ. ಅವರು ಹೊರಗೆ ಬಂದು, "ಇವತ್ತೂ ಒಂದು ಗಂಟೆಗೆ ಕಂಪ್ಯೂಟರಲ್ಲಿ ಗೆರೆ ಏರ್ತು ಅಕ್ಕ! ನಮ್ ಚೂರು ಮಾತಾಡ್ತಿದೆ," ಎನ್ನುತ್ತಿದ್ದರು. ಹೀಗೇ ಎರಡು ವರ್ಷ...

ಒಂದು ದಿನ ನಾನು ಕ್ಯಾರಿಯರ್ ಇಟ್ಟ ಹೊತ್ತಿಗೇ ಅವರ ಗೈಡು ನಾಲ್ಕಾರು ವಿದ್ಯಾರ್ಥಿಗಳೊಂದಿಗೆ ಬಂದು ಪರದೆ ಸರಿಸಿದರು. ಎಲ್ಲರನ್ನೂ ಕಂಪ್ಯೂಟರಿನ ಮುಂದೆ ನಿಲ್ಲಿಸಿ, ಕ್ಯಾರಿಯರ್ ತೆಗೆದರು, ಇಟ್ಟರು, ತೆಗೆದರು. ಗೆರೆ ಇಳಿಯಿತು, ಏರಿತು, ಇಳಿಯಿತು.

"ಎರಡು ವರ್ಷ ಸಾರಿನ ಬಿಸಿ ಅಳೆದಿದ್ದೀಯಲ್ಲಮ್ಮ! ಬೇಳೆದೋ ಸೊಪ್ಪಿಂದೋ, ಅದನ್ನೂ ಥೀಸಿಸ್ಸಲ್ಲಿ ಬರಿ."

ಹುಡುಗರು ನಕ್ಕರು.

"ಯಾರು ಇಟ್ಟಿದ್ದು ಇದನ್ನ?"

ನಾನು ಬಾಗಿಲಲ್ಲೇ ಇದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದೆ. ಮೇಡಂ ನನ್ನನ್ನೊಮ್ಮೆ ನೋಡಿದರು.

"ನಾನೇ ಸರ್."

ಅಳತೆಯೆಲ್ಲ ರದ್ದಾಯಿತು, ಪಿಎಚ್‌ಡಿ ನಿಂತಿತು. ನಮ್ಮ ಬೀದಿಯಲ್ಲೂ ಅವರಿಗೆ ಸಾರು ಮೇಡಂ ಎಂದೇ ಹೆಸರಾಯಿತು. ತಿಂಗಳೊಳಗೆ ಮಹಡಿ ಖಾಲಿ. ಕ್ಯಾರಿಯರ್ ಹೊಸ್ತಿಲ ಬಳಿ ಇತ್ತು. ಬರಿದಾಗಿ ಕೊಡಬಾರದೆಂದು ಒಳಗೊಂದು ಹಿಡಿ ಸಕ್ಕರೆ ಹಾಕಿದ್ದರು. ಈಗ ಎಲ್ಲಿದ್ದಾರೋ... ಅರಕಲಗೂಡಿನ ಬಸ್ಸು ಕಂಡಾಗಲೆಲ್ಲ ಕಿಟಕಿಗಳನ್ನು ನೋಡುತ್ತೇನೆ. ಸಿಕ್ಕರೂ ಬಾಯಿ ಬರುವುದು ಅನುಮಾನ.

ಸಂಜೆ ಕ್ಯಾರಿಯರನ್ನು ತೊಳೆದು ಕಾಂಪೌಂಡಿನ ಮೇಲೆ ಬೋರಲು ಹಾಕಿದ್ದೆ. ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಾ ಅದನ್ನು ನೋಡಿದರು.

"ಸಾರು ಮೇಡಂಗೆ ಊಟ ತಕ್ಕೊಂಡು ಓಯ್ತಿದ್ರಲ್ಲ, ಅದೇ ಅಲ್ವಾ? ಅಷ್ಟೊಂದು ಓದಿ ಏನ್ ಬಂತು ಬುಡಿ. ಬಿಸಿ ಪಾತ್ರೆ ಎಲ್ ಮಡಗ್ಬೇಕು ಅಂತ ನಿಮ್ಮಂಥೋರ್ನ ಕೇಳಿದ್ರೆ ಏಳ್ತಿದ್ರಿ ಕಣವ್ವ."