ಹಾಯ್ರಿಯಾಳ ಬಾಗಿಲಿನ ಹಲಗೆ

ನಮ್ಮ ಕಟ್ಟಡದಲ್ಲಿ ಮೂರೇ ಮನೆ. ಕೆಳಗೆ ನಾನು, ನಡುವೆ ಐಸೆಲೆ ಮೇಷ್ಟ್ರು, ಮೇಲೆ ಹಾಯ್ರಿಯಾ. ಮೆಟ್ಟಿಲು ಗುಡಿಸಿ ಒರೆಸುವುದು ವಾರಕ್ಕೊಬ್ಬರ ಸರದಿ. ಯಾರ ಬಾಗಿಲಲ್ಲಿ ಮರದ ಹಲಗೆ ತೂಗುತ್ತದೋ ಆ ವಾರ ಅವರದು. ಶನಿವಾರ ಕೆಲಸ ಮುಗಿಸಿ ಹಲಗೆಯನ್ನು ಮುಂದಿನವರ ಬಾಗಿಲಿಗೆ ಹಾಕಬೇಕು. ನೆಕ್ಕಾರ್ ನದಿಯ ಈ ಸೀಮೆಯಲ್ಲಿ ಸರದಿ ತಪ್ಪಿಸಿದವರಿಗೆ ಮರ್ಯಾದೆ ಇಲ್ಲ.

ಹಾಯ್ರಿಯಾ ಬೋಸ್ನಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದವಳು. ಅವಳ ಗಂಡನನ್ನೂ ಮಗನನ್ನೂ ಊರಿನ ಮಿಕ್ಕ ಮುಸಲ್ಮಾನ ಗಂಡಸರ ಜೊತೆ ನಿಲ್ಲಿಸಿ ಕೊಂದಿದ್ದರು. ಇಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳು. ಇರುವುದಕ್ಕೂ ಸರ್ಕಾರದ ಅಪ್ಪಣೆ ಬೇಕು, ಅದನ್ನೂ ಮತ್ತೆ ಮತ್ತೆ ಕೇಳಬೇಕು. "ನಾನಿಲ್ಲಿ ಕೂತಿಲ್ಲಮ್ಮ, ಕುರ್ಚಿ ಅಂಚಿಗೆ ಒರಗಿದ್ದೀನಿ ಅಷ್ಟೆ" ಅನ್ನುತ್ತಿದ್ದಳು ಕಾಫಿ ಬಗ್ಗಿಸುತ್ತಾ.

ತೊಂಬತ್ತೇಳರಲ್ಲಿ, ಯುದ್ಧ ಮುಗಿದಿದೆ ಹೊರಡಿ ಎಂದು ಸರ್ಕಾರ ಹೇಳಿತು. ಬೋಸ್ನಿಯಾದ ಅವಳ ಮನೆಯಲ್ಲಿ ಆಗ ವಾಸವಾಗಿದ್ದವನು, ಕೊಂದ ದಿನ ಅವಳ ಮಗನನ್ನು ಹೆಸರು ಹಿಡಿದು ಹೊರಗೆ ಕರೆದವನೇ. ಉಳಿದದ್ದು ಒಂದೇ ದಾರಿ. ಚರ್ಚಿನವರು ಒಳಗಿಟ್ಟುಕೊಂಡರೆ ಪೊಲೀಸರು ಸಾಮಾನ್ಯವಾಗಿ ಅಲ್ಲಿಗೆ ಕಾಲಿಡುವುದಿಲ್ಲ. ಅದಕ್ಕೆ ಚರ್ಚಿನ ಸಭೆ ಒಪ್ಪಬೇಕು; ಸಭೆ ಮೇಷ್ಟ್ರ ಮಾತು ಮೀರುವುದಿಲ್ಲ.

ಮೇಷ್ಟ್ರು ಒಳ್ಳೆಯವರು. ಪ್ರತಿ ನವೆಂಬರಿನಲ್ಲೂ, ನಮ್ಮವರು ಕೊಂದ ಈ ಊರಿನ ಯಹೂದಿಗಳ ಹೆಸರುಗಳನ್ನು ನೆನಪಿನ ಕಲ್ಲಿನ ಮುಂದೆ ನಿಂತು ಓದುತ್ತಾರೆ, ದನಿ ನಡುಗುತ್ತದೆ. ಹಾಯ್ರಿಯಾನೂ ಮೇಣದಬತ್ತಿ ಹಿಡಿದು ನಿಲ್ಲುತ್ತಿದ್ದಳು. ಆ ವರ್ಷ ಅಲ್ಲಿಂದ ಬಂದವಳು ಮೆಟ್ಟಿಲ ಮೇಲೆ ಅವರನ್ನು ಕೇಳಿದಳು.

"ಮೇಷ್ಟ್ರೇ, ನಮ್ಮೂರಲ್ಲೂ ಇದೇ ಆಯ್ತು ಅಂತ ಸಭೇಲಿ ಒಂದು ಮಾತು ಹೇಳ್ತೀರಾ?"

ಅವರು ಟೋಪಿ ತೆಗೆದರು. "ಇದೇ ಅನ್ನೋಕಾಗಲ್ಲಮ್ಮ. ನಾವು ಮಾಡಿದ್ದಕ್ಕೆ ಸಾಟಿ ಇಲ್ಲ. ಬೇರೆಯವರೂ ಮಾಡಿದ್ರು ಅಂದ್ಬಿಟ್ರೆ ನಮ್ಮ ಪಾಪ ಹಗುರ ಆಗುತ್ತೆ."

"ನಿಮ್ಮ ಪಾಪ ನೀವೇ ಇಟ್ಕೊಳ್ಳಿ, ನಾನು ಪಾಲು ಕೇಳ್ತಿಲ್ಲ. ಒಂದು ಕೋಣೆ ಕೇಳ್ತಿದ್ದೀನಿ."

"ಯುದ್ಧದಲ್ಲಿ ಎರಡೂ ಕಡೆಯವರು ಸಾಯ್ತಾರಮ್ಮ."

"ನನ್ನ ಮಗ ಶಾಲೆ ಚೀಲ ಹಾಕ್ಕೊಂಡಿದ್ದ. ಅದು ಯಾವ ಕಡೆ, ಮೇಷ್ಟ್ರೇ?"

ಸಭೆಯಲ್ಲಿ ಮೇಷ್ಟ್ರು ಅವಳ ಒಳ್ಳೆಯ ಗುಣಗಳನ್ನೆಲ್ಲ ಹೇಳಿದರು. ಅವಳ ಊರಿನ ಸುದ್ದಿ ಎತ್ತಲಿಲ್ಲ. ದಾರಿಗೆ ಬೆಚ್ಚನೆಯ ಕೋಟು ಕೊಡಿಸೋಣ ಎಂದು ಸಭೆ ತೀರ್ಮಾನಿಸಿತು.

ಹಾಯ್ರಿಯಾ ತನ್ನ ವಾರ ಮೆಟ್ಟಿಲು ಒರೆಸಿ ಹಲಗೆಯನ್ನು ನನ್ನ ಬಾಗಿಲಿಗೆ ಹಾಕಿದಳು. ಎರಡು ದಿನದ ಮೇಲೆ ಪೊಲೀಸರು ಬಂದು ಕರೆದುಕೊಂಡು ಹೋದರು. ಆಮೇಲೆ ಒಮ್ಮೆ ಫೋನ್ ಮಾಡಿದ್ದಳು. ತನ್ನೂರಿಗೆ ಹೋಗಲಾಗದೆ, ಬೋಸ್ನಿಯಾದ ಯಾವುದೋ ಪಟ್ಟಣದ ಹಳೇ ಶಾಲೆಯಲ್ಲಿ ಕಂಬಳಿ ಮರೆ ಕಟ್ಟಿಕೊಂಡು ಮಲಗುತ್ತಾಳಂತೆ. "ಈಗ ಒರಗೋಕೆ ಕುರ್ಚೀನೂ ಇಲ್ಲಮ್ಮ" ಅಂದಳು.

ನನ್ನ ಸರದಿ ಮುಗಿದು ಮೇಷ್ಟ್ರದು ಬಂತು. ಶನಿವಾರ ಅವರು ಒರೆಸಿ, ಹಲಗೆ ಹಿಡಿದು, ರೂಢಿಯಂತೆ ಮೇಲೆ ಹತ್ತಿದರು. ಇಳಿಯುವಾಗ ಅರ್ಧದಲ್ಲಿ ನಿಂತು, ಕೆಳಗೆ ಬಾಗಿಲಲ್ಲಿದ್ದ ನನ್ನನ್ನು ಕರೆದರು.

"ಲೀಸೆಲಮ್ಮ, ಅವಳ ಬಾಗಿಲಿಗೇ ಹಾಕ್ಬಿಟ್ಟೆನಲ್ಲ."

"ಹಾಕಿದೋರು ನೀವೇ, ಹೋಗಿ ತೆಗೀರಿ."

ಅವರು ಮೇಲೆ ನೋಡಿದರು. ಹತ್ತಲಿಲ್ಲ, ಇಳಿಯಲೂ ಇಲ್ಲ. ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ, ಆಗಷ್ಟೇ ಒರೆಸಿದ ಮೆಟ್ಟಿಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.