ಬಾಯಿಗೆ ಅಡ್ಡ ಹಿಡಿದ ಹಾಳೆ

ಬಟ್ಟೆ ಗಿರಣಿಯವರು ಅವಳಿಗೆ ‘ಕಿವಿ ಮೇಡಂ’ ಎಂದು ಹೆಸರಿಟ್ಟಿದ್ದರು. ಮಗ್ಗಗಳ ಸದ್ದಿನಲ್ಲಿ ದುಡಿಯುವವರ ಕಿವಿ ಎಷ್ಟು ಉಳಿದಿದೆ ಎಂದು ಪರೀಕ್ಷಿಸುವುದೇ ಅವಳ ಸಂಶೋಧನೆ. ಅದೇ ಗಿರಣಿಯಲ್ಲಿ ಅವಳ ಅಣ್ಣ ಮೇಸ್ತ್ರಿ. ಅಪ್ಪ ಹೋದ ಮೇಲೆ ಅವಳನ್ನು ಸಾಕಿ ಓದಿಸಿದವನು ಅವನೇ. ಅವಳು ಈಗಲೂ ಇರುವುದು ಅಣ್ಣ-ಅತ್ತಿಗೆಯ ಮನೆಯಲ್ಲೇ. ಗಿರಣಿಯೊಳಗೆ ಕಾಲಿಡಲು ಅವಳಿಗೆ ಅನುಮತಿ ಸಿಕ್ಕಿದ್ದೂ ಅಣ್ಣ ಮ್ಯಾನೇಜರನ ಮುಂದೆ ಹಲ್ಲು ಗಿಂಜಿದ್ದರಿಂದ.

ಪರೀಕ್ಷೆ ಮುಗಿದಾಗ ಕಂಡದ್ದು ಅವಳು ಹೆದರಿದ್ದಕ್ಕಿಂತ ಕೆಟ್ಟದಾಗಿತ್ತು. ಹಳಬರಲ್ಲಿ ಹೆಚ್ಚಿನವರ ಕಿವಿ ಹೋಗಿತ್ತು, ಹೊಸಬರದ್ದು ಹೋಗುವ ದಾರಿಯಲ್ಲಿತ್ತು. ಅಣ್ಣನ ಕಿವಿಯೂ ಹೋದವುಗಳಲ್ಲೇ ಸೇರಿತ್ತು.

ಯಾರ ಕಿವಿ ಹೇಗಿದೆಯೆಂದು ಮ್ಯಾನೇಜರನಿಗೆ ತಿಳಿಸುವುದಿಲ್ಲ ಎಂದು ಅವಳು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದಳು. ಒಟ್ಟಾರೆ ಏನು ಗೊತ್ತಾಯಿತು ಎಂಬುದನ್ನು ಎಲ್ಲರನ್ನೂ ಕೂರಿಸಿ ಹೇಳುತ್ತೇನೆಂದೂ ಹೇಳಿದ್ದಳು. ಈಗ ಆ ಎರಡನೆಯ ಮಾತು ಕುತ್ತಿಗೆಗೆ ಬಂತು.

“ಹೇಳಿ ಮೇಡಂ, ಬೇಡ ಅನ್ನಲ್ಲ,” ಎಂದ ಮ್ಯಾನೇಜರ್. “ಆದರೆ ನಾನೂ ಅಲ್ಲೇ ಇರ್ತೀನಿ.”

ಅತ್ತಿಗೆ ಪಾತ್ರೆ ಒರೆಸುತ್ತಲೇ ಕೇಳಿದಳು: “ನೀನು ಹೇಳಿ ಬಂದುಬಿಡ್ತೀಯಮ್ಮ. ಕಿವುಡ ಅಂತ ಇವರನ್ನ ಪಕ್ಕಕ್ಕೆ ತಳ್ಳಿದ್ರೆ?”

ಹೇಳಿದರೆ ಹಳಬರ ಹೊಟ್ಟೆಪಾಡಿಗೆ ಏಟು, ಹೇಳದಿದ್ದರೆ ಹೊಸ ಹುಡುಗರ ಕಿವಿಗೆ. ಯಾವ ಕಡೆ ಹೊರಳಿದರೂ ಗೋಡೆ. ಕೊನೆಗೆ ಅವಳು ಗ್ರಾಫುಗಳ ಮೊರೆ ಹೊಕ್ಕಳು. ಗೆರೆಗಳಿಗೆ ಯಾರ ಮುಖವೂ ಇರುವುದಿಲ್ಲವಲ್ಲ ಎಂಬ ಧೈರ್ಯ.

ಸಭೆ ಗಿರಣಿಯ ಕ್ಯಾಂಟೀನಿನಲ್ಲಿ. ಈಗಷ್ಟೇ ಒರೆಸಿದ ನೆಲ ಇನ್ನೂ ಒದ್ದೆಯಾಗಿತ್ತು. ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತವರ ತಲೆಗೂದಲಿನಲ್ಲಿ ಹತ್ತಿಯ ಎಳೆ. ಅಣ್ಣ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಮ್ಯಾನೇಜರ್ ಬಾಗಿಲಿಗೆ ಒರಗಿಕೊಂಡು ನಿಂತಿದ್ದ.

ಅವಳು ಆವರ್ತನ, ಡೆಸಿಬಲ್, ಸರಾಸರಿ ಎಂದು ಮಾತಾಡಿದಳು. ಪರದೆಯ ಮೇಲೆ ಗೆರೆಗಳು ಇಳಿಯುತ್ತಾ ಹೋದವು. ಎಲ್ಲರೂ ತಲೆಯಾಡಿಸಿದರು.

“ಮೇಡಂ, ಆ ಇಳೀತಾ ಇರೋ ಗೆರೆ ನಮ್ಮ ಆಯಸ್ಸಾ?” ಎಂದ ಹಿಂದಿನ ಬೆಂಚಿನ ಹುಡುಗನೊಬ್ಬ. ಅವನ ಸುತ್ತಲಿನವರು ನಕ್ಕರು. ಮುಂದೆ ಕೂತಿದ್ದ ಹಳಬರು ಹಿಂತಿರುಗಿ ಆ ನಗುವನ್ನು ನೋಡಿ ತಾವೂ ನಕ್ಕರು.

ಅವಳಿಗೆ ಮೈ ಉರಿಯಿತು. ಇವರಿಗೆ ಒಂದು ಅಕ್ಷರವೂ ತಲುಪುತ್ತಿಲ್ಲ. ಆಗ ಕಂಡಿತು: ಹಳಬರೆಲ್ಲರ ಕಣ್ಣು ಪರದೆಯ ಮೇಲಲ್ಲ, ಅವಳ ತುಟಿಯ ಮೇಲೆ ನೆಟ್ಟಿತ್ತು. ಮಗ್ಗದ ಸದ್ದಿನಲ್ಲಿ ತುಟಿ ನೋಡಿಯೇ ಮಾತು ಹಿಡಿಯುವುದನ್ನು ಕಲಿತವರು ಅವರು. ಮುಂದೇನು ಎಂದು ಯೋಚಿಸದೆ ಮೇಜಿನ ಮೇಲಿನ ಹಾಳೆಯೊಂದನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದಳು. ದನಿ ಏರಿಸದೆ, ತಗ್ಗಿಸದೆ ಕೇಳಿದಳು:

“ನನ್ನ ಮಾತು ಕೇಳಿಸ್ತಿದ್ರೆ ಕೈ ಎತ್ತಿ.”

ಹಿಂದಿನ ಬೆಂಚುಗಳಲ್ಲಿ ಕೈಗಳು ಎದ್ದವು. ಮುಂದೆ ಒಂದೂ ಇಲ್ಲ. ಹುಡುಗರು ಕೈ ಎತ್ತಿಕೊಂಡೇ, ತಮ್ಮ ಮುಂದೆ ಅಲುಗಾಡದೆ ಕೂತಿದ್ದ ಹಿರಿಯರ ಬೆನ್ನುಗಳನ್ನು ನೋಡಿದರು. ಯಾರೂ ನಗಲಿಲ್ಲ. ಹಳಬರಲ್ಲಿ ಕೆಲವರು ಹಿಂತಿರುಗಿ ನೋಡಿ, ಗಾಬರಿಯಿಂದ ತಾವೂ ಕೈ ಎತ್ತಿದರು. ಅಣ್ಣ ಎತ್ತಲಿಲ್ಲ. ತಂಗಿ ಏನೋ ದೊಡ್ಡ ವಿಷಯ ಹೇಳುತ್ತಿದ್ದಾಳೆಂದು ಅವಳನ್ನೇ ನೋಡುತ್ತ, ಹೆಮ್ಮೆಯಿಂದ ಮುಗುಳ್ನಗುತ್ತ ಕೂತಿದ್ದ.

ಹಾಳೆ ಕೆಳಗಿಳಿಸಿದಾಗ ಅವಳ ಕಣ್ಣಿಗೆ ಬಿದ್ದದ್ದು ಬಾಗಿಲ ಬಳಿಯ ಮ್ಯಾನೇಜರ್. ಅವನು ಮುಂದಿನ ಸಾಲುಗಳ ಮೇಲೆ ನಿಧಾನವಾಗಿ ಕಣ್ಣಾಡಿಸುತ್ತಿದ್ದ. ಯಾರ ಹೆಸರನ್ನೂ ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ನಿಜ.

ಸಂಜೆ ಅಣ್ಣ ಅವಳ ಎದುರು ಬಂದು ಕೂತ. ನಡೆದದ್ದನ್ನು ಜೊತೆಯವರು ಬಿಡಿಸಿ ಹೇಳಿದ್ದರು.

“ಚೆನ್ನಾಗಿ ಹೇಳಿದೆ ಪುಟ್ಟಿ. ಎಲ್ಲರಿಗೂ ಅರ್ಥ ಆಯ್ತು,” ಎಂದ. ಅಂಗಿಯ ಗುಂಡಿ ಬಿಚ್ಚುತ್ತ ಸೇರಿಸಿದ: “ಮ್ಯಾನೇಜರಿಗೂ ಆಯ್ತು.”

ಆಗಬೇಕಾದದ್ದೆಲ್ಲ ಆಯಿತು. ಹುಡುಗರಿಗೆ ಕಿವಿ ಮುಚ್ಚುವ ಸಾಧನ ಬಂತು, ಅವರು ತಪ್ಪದೆ ಹಾಕಿಕೊಂಡರು. ಹಳಬರನ್ನು ‘ನಿಮ್ಮ ಒಳ್ಳೆಯದಕ್ಕೇ’ ಎಂದು ಬಟ್ಟೆ ಕಟ್ಟುವ ಶೆಡ್ಡಿಗೆ ಕಳಿಸಿದರು. ಅಣ್ಣನ ಮೇಸ್ತ್ರಿಗಿರಿ ಹೋಯಿತು. ಅವನು ಬೈಯಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. ಒಮ್ಮೆ ಮಾತ್ರ ಅಂದ: “ಮಗ್ಗದ ಹತ್ತಿರ ಯಾರಿಗೂ ಏನೂ ಕೇಳಿಸ್ತಿರಲಿಲ್ಲ. ಎಲ್ಲರೂ ಒಂದೇ. ಈ ಶೆಡ್ಡಲ್ಲಿ ಸದ್ದಿಲ್ಲ ನೋಡು, ಮೊದಲಿಂದ ಇರೋರ ಮಧ್ಯೆ ನಾವಷ್ಟೇ ಕಿವುಡರು.”

ಅವಳ ಸಂಶೋಧನೆ ನೋಡಿಕೊಳ್ಳುತ್ತಿದ್ದ ಪ್ರೊಫೆಸರಿಗೆ ಮಾತ್ರ ಹಿಡಿಸಲಾರದಷ್ಟು ಖುಷಿ. “ಆ ಹಾಳೆ ಹಿಡಿದದ್ದು ಅದ್ಭುತ. ಇನ್ನೊಂದು ಗಿರಣಿಯವರೂ ಕರೀತಿದ್ದಾರೆ, ಅಲ್ಲೂ ಹಾಗೇ ಮಾಡು.” ಆಗಲ್ಲ ಅಂದರೆ ವರ್ಷಗಳ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಅಣ್ಣನನ್ನೇ ಕೇಳಿದಳು, ಮುಖಕ್ಕೆ ಮುಖ ಕೊಟ್ಟು. “ಹೋಗಲಾ, ಬೇಡವಾ?”

“ಹೋಗು. ಹುಡುಗರ ಕಿವಿ ಉಳೀಲಿ. ಮೊದಲು ಬಾಗಿಲು ಹಾಕಿಸು.”

ಅಲ್ಲಿಯೂ ಪರೀಕ್ಷೆ ಮುಗಿದು ಸಭೆ ಸೇರಿದಾಗ, ಆ ಗಿರಣಿಯ ಮ್ಯಾನೇಜರ್ ಹೊರಗೆ ಹೋಗಲು ಒಪ್ಪಲಿಲ್ಲ. “ನಮ್ಮ ಜಾಗ, ನಮ್ಮ ಜನ,” ಎಂದು ಮುಂದಿನ ಕುರ್ಚಿಯಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತ. ಅವಳು ಬೇಕೆಂದೇ ಅಂಕಿಗಳನ್ನು ಸುರಿದು, ಯಾರಿಗೂ ತಲೆಬುಡ ತಿಳಿಯದ ಹಾಗೆ ಮಾತಾಡಿ ಮುಗಿಸಿದಳು. ಚಪ್ಪಾಳೆ ಜೋರಾಗಿಯೇ ಬಿತ್ತು. ಪ್ರೊಫೆಸರ್ ಮುಖ ಸಿಂಡರಿಸಿಕೊಂಡು ಕಾರು ಹತ್ತಿದರು.

ಅವಳು ಹತ್ತಲಿಲ್ಲ. ಗೇಟಿನ ಎದುರಿನ ರಸ್ತೆ ದಾಟಿ, ಸೈಕಲ್ ರಿಪೇರಿ ಅಂಗಡಿಯ ಪಕ್ಕ ನಿಂತಳು. ಪಾಳಿ ಬಿಟ್ಟಿತು. ಮೊದಲು ಬಂದವನು ಸಮಯವಿಲ್ಲವೆಂದು ಕೈಬೀಸಿ ಹೊರಟುಹೋದ. ಆಮೇಲೆ ಬಂದವನು ನಿಂತ.

“ಒಳಗೆ ಏನು ಹೇಳಿದ್ರೋ ಒಂದೂ ತಿಳೀಲಿಲ್ಲ ಮೇಡಂ,” ಎಂದ.

“ಗೊತ್ತು,” ಎಂದಳು ಅವಳು. ಗೇಟಿನತ್ತ ಒಮ್ಮೆ ನೋಡಿ, ಅದಕ್ಕೆ ಬೆನ್ನು ಹಾಕಿ ನಿಂತು, ಅವನಿಗೆ ತುಟಿ ಕಾಣುವ ಹಾಗೆ ಮೊದಲಿನಿಂದ ಹೇಳತೊಡಗಿದಳು.